ಅಮ್ಮನ ನಿಷಾದ

ಪಕ್ಕದ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರ ನಿಂತಿತು, ಮತ್ತೆ ಶುರುವಾಯಿತು, ಟಕಟಕಟಕ, ನಾಳೆ ಹತ್ತು ಗಂಟೆಗೆ ಸಂಗೀತದ ಥಿಯರಿ ಪೇಪರು, ಇವಳು ಮಂಚದ ಮೇಲೆ ಕಾಲು ಮಡಚಿ ಕೂತು ಅದೇ ಪುಟ ನೋಡುತ್ತಿದ್ದಾಳೆ, ಎಷ್ಟನೇ ಸಲವೋ — ಕೆಲವು ರಾಗಗಳು ತಮ್ಮ ಆರೋಹಣ ಅವರೋಹಣದಲ್ಲಿ ಇಲ್ಲದ ಸ್ವರವನ್ನೂ ಸೊಬಗಿಗಾಗಿ ಕರೆದುಕೊಳ್ಳುತ್ತವೆ, ಇವು ಭಾಷಾಂಗ ರಾಗಗಳು, ಹಾಗೆ ಬರುವುದು ಅನ್ಯಸ್ವರ, ಉದಾಹರಣೆ ಕಾಂಬೋಜಿ, ಅದರ ಸ್ವಂತ ನಿಷಾದ ಕೆಳಗಿನದು, ಆದರೂ ಷಡ್ಜದಿಂದ ಇಳಿಯುವಾಗ ಒಂದು ಕಡೆ ಮೇಲಿನ ನಿಷಾದ. ಅಯ್ಯೋ, ಅಮ್ಮ ಆ ಕಾಂಬೋಜಿಯ ಜೋಗುಳದಲ್ಲಿ ಅದನ್ನು ಹಾಡುತ್ತಿದ್ದದ್ದೂ ಅಲ್ಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಐದು ಅಂಕದ ಪ್ರಶ್ನೆ, ಪ್ರತಿ ವರ್ಷ ಬರುತ್ತದಂತೆ, ಇನ್ನೇನು ಬಾಯಿಪಾಠ ಮಾಡುವುದು ಮಣ್ಣು — ಎರಡು ವರ್ಷದ ಹಿಂದೆ, ಮೊದಲ ಪರೀಕ್ಷೆಯಲ್ಲಿ ಎಂಬತ್ತೆಂಟು ಬಂದಾಗ, ಇವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಬಸ್ಸಿನ ಹಾರನ್ನಿಗೂ ಫ್ಯಾನಿನ ಗುಂಯ್‌ಗೂ ಸ್ವರ ಹೇಳುವ ಅಧಿಕಪ್ರಸಂಗಿ, ಆವತ್ತು ಪಕ್ಕದ ಬೀದಿ ಶಾಲೆಯ ಟೀಚರಮ್ಮ ಬಟ್ಟೆಗೆ ಅಳತೆ ಕೊಡಲು ಬಂದು ಸ್ಟೂಲಿನ ಮೇಲೆ ನಿಂತಿದ್ದರು, ಅಮ್ಮ ಮಂಡಿಯೂರಿ ಅಂಚು ಮಡಚುತ್ತಾ ಅದೇ ಜೋಗುಳ, ಅಜ್ಜಿಯಿಂದ ಬಂದದ್ದು, ಇವಳನ್ನು ಮಲಗಿಸಿದ್ದು, ಸಂಗೀತದ ಒಂದಕ್ಷರ ಓದದ ಗಂಟಲು — ಅಮ್ಮಾ, ನಿಲ್ಸು, ತಪ್ಪು ಅದು, ಈ ರಾಗಕ್ಕೆ ಆ ನಿಷಾದ ಇಲ್ವೇ ಇಲ್ಲ, ಅಪಸ್ವರ! ಯಾರು ಕೇಳಿದ್ದರು ಇವಳನ್ನು? ಟೀಚರಮ್ಮ ಕಿಸಕ್ಕನೆ ನಕ್ಕರು, ಪರವಾಗಿಲ್ವೇ, ಮಗಳು ಅಮ್ಮನಿಗೇ ಪಾಠ ಮಾಡ್ತಾಳೆ. ಅಮ್ಮನೂ ಇವಳ ಕಡೆ ನೋಡಿ ನಕ್ಕಳು, ಹೌದಾ ಮೇಡಂ, ನಂಗೇನು ಗೊತ್ತು ಹೇಳು, ಎಂದು ನಾಲ್ಕು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಸಿಕ್ಕಿಸಿಕೊಂಡಳು. ಆವರೆಗೆ ಸೂಜಿಗಳಿಗೆ ಮಣಿಕಟ್ಟಿನ ಪುಟ್ಟ ದಿಂಬಿತ್ತು. ಆಮೇಲೆ ತುಟಿಯೇ.

ಎರಡು ವರ್ಷ ಮನೆಯಲ್ಲಿ ಬರೀ ಯಂತ್ರದ ಸದ್ದು, ಇವಳಿಗೆ ಗೊತ್ತಾಗಲಿಲ್ಲವೇ, ಗೊತ್ತಾಗಿತ್ತು, ಓದಿಕೊಳ್ಳಲು ನಿಶ್ಶಬ್ದವಾಗಿದೆ ಎಂದು ಖುಷಿಯೂ ಪಟ್ಟಿದ್ದಳಲ್ಲ ಪಾಪಿ, ನಾಚಿಕೆಯಾಗಬೇಕು, ಅರ್ಧ ಪುಸ್ತಕ ಓದಿ ಇಡೀ ಅಮ್ಮನನ್ನು ತಿದ್ದಲು ಹೋದವಳು. ನಾಳೆ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು — ಇಲ್ಲ, ಈಗಲೇ, ಎದ್ದಳು, ಚಪ್ಪಲಿ ಸಿಗಲಿಲ್ಲ, ಬರಿಗಾಲಲ್ಲೇ ಹೋದಳು, ನೆಲದ ತುಂಬ ಬಟ್ಟೆಯ ಚೂರು. ಅಮ್ಮಾ, ಆ ಜೋಗುಳ ಒಂದ್ಸಲ ಹಾಡ್ತೀಯಾ? ಅಮ್ಮ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿದಳು, ಸೂಜಿಗಳನ್ನು ಅಂಗೈಗೆ ಉದುರಿಸಿದಳು, ಮುಖ ಇಷ್ಟಗಲ — ಪರೀಕ್ಷೆಗೆ ಬೇಕಾ, ಇರು, ಎಂದು ಗಂಟಲು ಸರಿಮಾಡಿ ಹಾಡಿಯೇಬಿಟ್ಟಳು, ಅದೇ ದನಿ, ಅದೇ ಇಳಿತ, ಆ ಜಾಗ ಬಂತು, ಬಂತು, ಕೆಳಗಿನ ನಿಷಾದ. ಅಂದು ಇವಳು ಮಾಡಿದ ಪಾಠದ ನಿಷಾದ. ಮತ್ತೊಮ್ಮೆ ಬಂದಾಗಲೂ ಅದೇ. ನೋಡಿದ್ಯಾ, ಈಗ ಸರಿ ಇದ್ಯಲ್ವಾ, ನೀನು ಕಾಲೇಜಿಗೆ ಹೋದ್ಮೇಲೆ ಒಬ್ಳೇ ಹೇಳ್ಕೊಂಡು ಹೇಳ್ಕೊಂಡು ತಿದ್ಕೊಂಡೆ ಕಣೆ.

ಇಲ್ಲಮ್ಮ, ತಪ್ಪು ನಂದು, ಮೊದಲಿದ್ದದ್ದೇ ಸರಿ, ಪುಸ್ತಕದಲ್ಲೇ ಇದೆ, ಅದನ್ನೇ ಹಾಡು. ಹೌದಾ, ಸರೀನಾ, ಅಮ್ಮ ಕಣ್ಣು ಮುಚ್ಚಿ ಹಾಡಿದಳು, ತಿದ್ದಿದ್ದೇ ಬಂತು, ತಲೆ ಕೊಡವಿ ಮೊದಲಿಂದ ಹಾಡಿದಳು, ಮತ್ತೆ ತಿದ್ದಿದ್ದೇ. ಬರ್ತಿಲ್ವಲ್ಲೇ, ಹೆಂಗಿತ್ತದು, ನೀನೇ ಹೇಳ್ಕೊಡು. ಇವಳಿಗೆ ಹೆಸರು ಗೊತ್ತು, ಜಾಗ ಗೊತ್ತು, ಪುಟ ಗೊತ್ತು, ಬಾಯಿ ತೆರೆದಳು, ಮೇಲಿನ ನಿಷಾದವೇನೋ ಬಂತು, ಪುಸ್ತಕದಲ್ಲಿದ್ದ ಹಾಗೆ ಬೋಳಾಗಿ, ಅಜ್ಜಿಯ ಆ ಇಳಿತ ಬರಲಿಲ್ಲ. ಇದಲ್ಲ ಅಲ್ವಾ, ಎಂದಳು ಅಮ್ಮ, ಇನ್ನೊಂದ್ಸಲ ಹೇಳು. ಕಲಿಯಲು ಕೂತ ಮಗುವಿನ ಹಾಗೆ, ತುಟಿ ಅರೆ ತೆರೆದು, ಇವಳ ಬಾಯಿಯನ್ನೇ ನೋಡುತ್ತಾ, ಆ ತುಟಿ, ತೆರೆದ ತುಟಿ —