ನಿಲ್ಲಿಸದ ಬಸ್ಸು

“ಲೇ ಮುನೀಂದ್ರ, ನಿಮ್ಮವ್ವನ್ನೂ ದೋಣಿ ಹತ್ತುಸ್ತೀಯೇನ್ಲಾ? ಇಷ್ಟು ಚಪ್ಪಲೀನ ನಿಮ್ಮಪ್ಪ ಬಂದು ಕಾಯ್ತಾನಾ?”

ಅಪ್ಪಯ್ಯಣ್ಣನ ಮಾತಿಗೆ ದೋಣಿಯಲ್ಲಿದ್ದವರೆಲ್ಲ ನಕ್ಕರು. ಹಲಗೆಯ ಮೇಲೆ ಇಟ್ಟಿದ್ದ ಕಾಲನ್ನು ದ್ಯಾವಮ್ಮ ಹಿಂದಕ್ಕೆ ತೆಗೆದುಕೊಂಡಳು. ದೋಣಿಯಲ್ಲಿ ಇನ್ನೂ ಆರು ಸೀಟು ಖಾಲಿಯಿದ್ದವು. ನಡುಹೊಳೆಯಲ್ಲಿ ಬಾಗಿನ ಬಿಡುವುದಿತ್ತು. ಅದಕ್ಕೇ ಎಲ್ಲರೂ ಚಪ್ಪಲಿ ಕಳಚಿದ್ದರು. ಹುಟ್ಟಿದಾಗಿನಿಂದ ಊರ ಕೆರೆಯೊಂದನ್ನೇ ಕಂಡಿದ್ದ ದ್ಯಾವಮ್ಮ, ಕಾವೇರಿ ನೋಡುವ ಆಸೆಗೇ ಎರಡು ದಿನ ಪಾತ್ರೆ ತೊಳೆಯಲು ಒಪ್ಪಿ ಬಂದವಳು.

ತಾಯಿಯ ಕೈ ಹಿಡಿದು ಹತ್ತಿಸುತ್ತಿದ್ದ ಮುನೀಂದ್ರನೂ ನಕ್ಕ. ಧಣಿ ಮಾತಾಡಿದಾಗ ತಾನಾಗಿ ಬರುವ ನಗು ಅದು.

“ಇಲ್ಲೇ ಕೂತ್ಕೋ ಅಮ್ಮೋ. ದೋಣೀಲಿ ತಲೆ ತಿರುಗ್ತದೆ.”

ಅವಳು ಚಪ್ಪಲಿಗಳ ನಡುವೆ ಕುಳಿತಳು.

ಬಸ್ಸು ಅಪ್ಪಯ್ಯಣ್ಣನದು. ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದ ಆಚೆ ಅವನಿಗೆ ಹೊಲ, ದ್ರಾಕ್ಷಿ ತೋಟ ಎಲ್ಲ ಇದೆ. ಅವನ ಕೊಟ್ಟಿಗೆಯ ಸಗಣಿ ಬಾಚುವವಳು ದ್ಯಾವಮ್ಮ, ಬಸ್ಸು ಓಡಿಸುವವನು ಅವಳ ಮಗ. ಅಪ್ಪಯ್ಯಣ್ಣನ ಮಗ ವಸಂತನ ಮದುವೆ ಮುಗಿದು, ಹೊಸ ಸೊಸೆ ಶಶಿರೇಖಾಳನ್ನೂ ಬೀಗರನ್ನೂ ಕಾವೇರಿಯಲ್ಲಿ ದೋಣಿ ಸುತ್ತಿಸಿ ಕರೆತರುವ ಪ್ರವಾಸವಿದು.

ವಾಪಸು ಹೊರಟ ಮೇಲೆ ಬಸ್ಸು ನಾಲ್ಕು ಸಲ ನಿಂತಿತು. ಬೀಗಿತಿಗೆ ವಾಂತಿ ಬಂತೆಂದು ಒಮ್ಮೆ, ಎಳನೀರಿಗೆ ಒಮ್ಮೆ, ವಸಂತನ ಫೋಟೋಗೆ ಎರಡು ಸಲ. ಹಿಂದೆ ಸೀಟು ಖಾಲಿಯಿದ್ದರೂ ದ್ಯಾವಮ್ಮ ಬಾಗಿಲ ಹತ್ತಿರ ಗೋಣಿಚೀಲ ಮಡಿಸಿ ಹಾಕಿಕೊಂಡು ಕೂತಿದ್ದಳು. ಕುಣಿಗಲ್ ದಾಟಿದ ಮೇಲೆ ಮಗನ ಕಡೆ ಬಗ್ಗಿದಳು.

“ಅಪ್ಪಾ, ಒಂದ್ ಗಳಿಗೆ ನಿಲ್ಸು. ಒಂದಕ್ಕೆ ಹೋಗ್ಬೇಕು. ಸಕ್ಕರೆ ಕಾಯ್ಲೆ, ತಡಿಯಕ್ ಆಗಲ್ಲ.”

ಮುನೀಂದ್ರ ವೇಗ ಇಳಿಸಿದ.

“ಯಾಕ್ಲಾ ಸ್ಲೋ ಮಾಡ್ದೆ?” ಹಿಂದಿನಿಂದ ಅಪ್ಪಯ್ಯಣ್ಣ.

“ಅಮ್ಮ ಒಂದಕ್ಕೆ ಹೋಗ್ಬೇಕಂತೆ ಅಣ್ಣ.”

“ನಾಕೂವರೆಗೆ ರಾಹುಕಾಲ. ಅಷ್ಟರೊಳಗೆ ಸೊಸೆ ಹೊಸ್ಲು ದಾಟ್ಬೇಕು. ನಿಮ್ಮವ್ವ ಉಚ್ಚೆ ಉಯ್ಯೋಕೆ ನಲ್ವತ್ ಜನ ಕಾಯ್ಬೇಕಾ? ಒತ್ಲಾ!”

“ಸುಮ್ಕೆ ಕೂತ್ಕೋ ಅಮ್ಮ,” ಎಂದ ಮುನೀಂದ್ರ. “ಇನ್ನೇನ್ ಊರು ಬಂದ್ಬಿಡ್ತು.”

ಊರು ಬಂದಿರಲಿಲ್ಲ. ಶಿವಗಂಗೆ ಬೆಟ್ಟ ಎಡಗಡೆ ಕಾಣಿಸಿಕೊಂಡಿತ್ತಷ್ಟೆ. ನೆಲಮಂಗಲದ ಟ್ರಾಫಿಕ್ಕಿನಲ್ಲಿ ಅವಳು ಇನ್ನೊಮ್ಮೆ ಕೇಳಿದಳು. ಅವನು ಕೇಳಿಸದವನಂತೆ ಹಾರನ್ ಒತ್ತಿದ. ಅವಳು ಎರಡೂ ಕೈಯಲ್ಲಿ ಕಂಬಿ ಹಿಡಿದು, ತುಟಿ ಕಚ್ಚಿಕೊಂಡು ಕೂತಳು. ಮೇಲಿನ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಮುನೀಂದ್ರ ಕೈ ಎತ್ತಿ ಕನ್ನಡಿಯನ್ನು ಓರೆ ಮಾಡಿದ.

ದೊಡ್ಡಬಳ್ಳಾಪುರದ ರಸ್ತೆಗೆ ತಿರುಗಿ ಸ್ವಲ್ಪ ದೂರ ಬಂದಿದ್ದರು.

“ಥೂ! ಏನಿದು?” ವಸಂತ ಕಾಲು ಮೇಲೆತ್ತಿಕೊಂಡ. ನೀರು ಬಾಗಿಲ ಕಡೆಯಿಂದ ಹರಿದು ಮುಂದಿನ ಸೀಟುಗಳ ಕೆಳಗೆ ಬಂದಿತ್ತು.

“ಬೋಳಿಮಗನೇ! ಹೊಸ ಹೆಣ್ಣು ಕೂತಿರೋ ಗಾಡಿ ಕಣೋ ಇದು!” ಅಪ್ಪಯ್ಯಣ್ಣ ಎದ್ದು ನಿಂತ. “ಕಾಲೋನಿಯೋರ್ನ ಒಳಕ್ ಬಿಟ್ಟಿದ್ದೇ ತಪ್ಪಾಯ್ತು. ಏಯ್ ಮುದ್ಕೀ, ಒರ್ಸೇ!”

ಓಡುತ್ತಿದ್ದ ಬಸ್ಸಿನಲ್ಲೇ ದ್ಯಾವಮ್ಮ ಮಂಡಿಯೂರಿದಳು. ಸೆರಗಿನಿಂದ ಒರೆಸತೊಡಗಿದಳು. ಶಶಿರೇಖಾ ಎದ್ದು ನೀರಿನ ಬಾಟಲಿ ಚಾಚಿದಳು. ವಸಂತ ಅವಳ ಕೈ ಹಿಡಿದೆಳೆದು ಕೂರಿಸಿದ. ಸೆರಗು ನೆಲಕ್ಕೆ ಉಜ್ಜುವ ಸದ್ದು ಮುನೀಂದ್ರನ ಬೆನ್ನ ಹಿಂದೆಯೇ ಕೇಳಿಸುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ರಸ್ತೆ ಪಕ್ಕ ಕೆರೆ ಕಂಡಿತು. ಅವನು ಬ್ರೇಕ್ ಒತ್ತಿದ. ಬಸ್ಸು ಕೀರಲಿಟ್ಟು ನಿಂತಿತು.

“ಈಗ್ಯಾಕ್ಲಾ ನಿಲ್ಸ್ದೆ?”

“ಬಸ್ ತೊಳೀಬೇಕು. ಎಲ್ರೂ ಇಳೀರಿ.”

“ಊರಲ್ಲಿ ತೊಳ್ಕೊಳ್ಳೋ ಮುಂಡೇದೆ! ಟೈಮ್ ನೋಡು!”

“ಇಳೀರಿ ಅಂದೆ.”

ಆ ಮಾತಿನಲ್ಲಿ ‘ಅಣ್ಣ’ ಇರಲಿಲ್ಲ. ಕೀ ಅವನ ಮುಷ್ಟಿಯಲ್ಲಿತ್ತು. ಗೊಣಗುತ್ತ, ಬೈಯುತ್ತ ನಲವತ್ತು ಜನ ರೇಷ್ಮೆ ಸೀರೆ, ಹೊಸ ಪಂಚೆಗಳೊಡನೆ ಬಿಸಿಲಿಗೆ ಇಳಿದರು. ಮುನೀಂದ್ರ ಬಕೆಟ್ ತೆಗೆದುಕೊಂಡು ಕೆರೆಗೆ ಇಳಿದ. ನೀರು ತಂದು ಸುರಿದು ಪೊರಕೆಯಿಂದ ಉಜ್ಜಿದ. ಮತ್ತೆ ಹೋದ. ಮೂರನೆಯ ಬಕೆಟ್ಟಿಗೆ ಅಪ್ಪಯ್ಯಣ್ಣ ಅಡ್ಡ ಬಂದು ಕಪಾಳಕ್ಕೆ ಬಾರಿಸಿದ.

“ನಾಳೆಯಿಂದ ನನ್ ಮನೆ ಹತ್ರ ಸುಳಿಬ್ಯಾಡ, ತಾಯೀನೂ ಅಷ್ಟೇ, ಮಗಾನೂ ಅಷ್ಟೇ!”

“ನಾಳೆ ಯಾಕೆ? ಇವತ್ತಿಂದ್ಲೇ.”

ಬಕೆಟ್ಟಿನ ನೀರು ತುಳುಕದಂತೆ ಮುನೀಂದ್ರ ಅವನನ್ನು ದಾಟಿ ಹೋದ. ಗುಂಪಿನಲ್ಲಿ ಯಾರೋ ಗಡಿಯಾರ ನೋಡಿ, ರಾಹುಕಾಲ ಹಿಡಿಯಿತು ಎಂದರು. ಬೀಗಿತಿ ಅಳಲು ಶುರುಮಾಡಿದಳು.

ಅವನು ಕೀಯನ್ನು ವಸಂತನ ಅಂಗೈಗೆ ಹಾಕಿ ತಾಯಿಯ ಬಳಿ ಹೋದ. ದ್ಯಾವಮ್ಮ ಕೆರೆಯ ಕಲ್ಲಿನ ಮೇಲೆ ಕುಳಿತು ಸೀರೆಯ ಸೆರಗು ಹಿಂಡುತ್ತಿದ್ದಳು.

“ನಡಿಯಮ್ಮ, ಆಟೋ ಹಿಡೀತೀನಿ. ಆ ಸೂಳೆಮಕ್ಕಳ ಸಾವಾಸ ಸಾಕು.”

ಅವಳು ಹಿಂಡಿ ಮುಗಿಸಿ, ಸೆರಗು ಕೊಡವಿ ಹೆಗಲಿಗೆ ಹಾಕಿಕೊಂಡಳು.

“ಅವ್ರು ಬ್ಯಾಡ ಅಂದ್ರು, ಸರಿ,” ಎಂದಳು. “ಬ್ರೇಕು ನಿನ್ ಕಾಲಡೀಲಿತ್ತಲ್ಲಪ್ಪಾ.”

ಅವಳು ಕೆರೆ ಏರಿ ಹತ್ತಿ, ಬಸ್ಸನ್ನೂ ಜನರನ್ನೂ ದಾಟಿ ದೊಡ್ಡಬಳ್ಳಾಪುರದ ಕಡೆ ನಡೆಯತೊಡಗಿದಳು.

“ಅಮ್ಮೋ!”

ಅವಳು ತಿರುಗಲಿಲ್ಲ. ಅವನು ಹೆಜ್ಜೆ ಬಿರುಸು ಮಾಡಿದರೆ ಅವಳೂ ಬಿರುಸಾದಳು. ಲಾರಿಗಳು ಪಕ್ಕದಲ್ಲೇ ಸುಯ್ಯೆಂದು ಹೋಗುತ್ತಿದ್ದವು. ಒದ್ದೆ ಸೀರೆಯ ಅಂಚು ಅವಳ ಹಿಮ್ಮಡಿಗೆ ಬಡಿಯುತ್ತಿತ್ತು.