ಎರಡು ಸಲ ಗಡಿ ದಾಟಿದ ತೊಟ್ಟಿಲು

ನಾನು ಒಂದು ತೊಟ್ಟಿಲು. ನಿಮ್ಮ ಕಡೆಯ ತೊಟ್ಟಿಲಿನ ಹಾಗೆ ತೊಲೆಗೆ ಸರಪಳಿ ಹಾಕಿ ತೂಗುಬಿಟ್ಟದ್ದಲ್ಲ. ನಾನು ಹುಟ್ಟಿದ ಕಝಾಕರ ನಾಡಿನಲ್ಲಿ ಆಗ ಮನೆಗಳಿಗೆ ತೊಲೆಯೇ ಇರಲಿಲ್ಲ. ಮರದ ಸರಳುಗಳ ಮೇಲೆ ಕುರಿಯುಣ್ಣೆಯ ದಪ್ಪ ಕಂಬಳಿ ಹೊದಿಸಿದ ದುಂಡನೆಯ ಗುಡಾರವೇ ಮನೆ. ಬೇಸಿಗೆಗೆ ಬೆಟ್ಟದ ಮೇಲೆ, ಚಳಿಗಾಲಕ್ಕೆ ಕಣಿವೆಯಲ್ಲಿ. ಕುರಿ, ಕುದುರೆಗಳು ಹುಲ್ಲು ಹುಡುಕಿಕೊಂಡು ಹೋದ ಕಡೆಗೆ ಮನೆಯೂ ಒಂಟೆಯ ಬೆನ್ನೇರಿ ಹೋಗುತ್ತಿತ್ತು. ಅದಕ್ಕೇ ನನಗೆ ನೆಲದ ಮೇಲೆ ನಿಂತು ತೂಗಲು ಎರಡು ಬಾಗಿದ ಪಾದ, ಎತ್ತಿಕೊಂಡು ಹೋಗಲು ನೆತ್ತಿಯ ಮೇಲೆ ಒಂದು ಹಿಡಿಕೋಲು.

ತಾರ್ಬಗತಾಯ್ ಬೆಟ್ಟದ ಬುಡದಲ್ಲಿ, ಬಿಳಿ ತೊಗಟೆಯ ಭೂರ್ಜ ಮರದಿಂದ ನನ್ನನ್ನು ಮಾಡಿದವನು ಬೊರಾನ್‌ಬಾಯ್. ಅವನ ಹೆಂಡತಿ ಕಾಮ್ಕಾ ಎರಡು ಕೂಸುಗಳನ್ನು ಕಳೆದುಕೊಂಡು ಮೂರನೆಯದಕ್ಕೆ ಬಸುರಾಗಿದ್ದಳು. ಹುಟ್ಟಿದ್ದು ಗಂಡು, ಎಸ್ಕೆಂದಿರ್. ಕಹಿ ಮೂಲಿಕೆಯ ಹೊಗೆ ಹಾಕಿ, ಅಗಲವಾದ ಬಟ್ಟೆಪಟ್ಟಿಗಳಿಂದ ಕಟ್ಟಿ, ಅವನನ್ನು ನನ್ನಲ್ಲಿ ಮಲಗಿಸಿದರು. ಕಾಮ್ಕಾ ಗಳಿಗೆಗೊಮ್ಮೆ ಬಗ್ಗಿ ನೋಡುತ್ತಿದ್ದಳು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವಳ ಗದ್ದ ಮತ್ತು ಹೆದರಿದ ಎರಡು ಕಣ್ಣು. ಮೊದಲ ದಿನವೇ ನಾನು ಕಲಿತದ್ದು ಹೆದರಿಕೆ.

ಎಸ್ಕೆಂದಿರ್ ಉಳಿದ, ಬೆಳೆದ. ಬೊರಾನ್‌ಬಾಯ್ ತೀರಿಕೊಂಡ. ಎಸ್ಕೆಂದಿರ್ ಬಲ್ಜಾನ್ ಎಂಬ ಹುಡುಗಿಯನ್ನು ಮದುವೆಯಾದ. ಅವಳಿಗೂ ಮೊದಲ ಕೂಸು ದಕ್ಕಲಿಲ್ಲ. ಎರಡನೆಯದು ಹುಟ್ಟಿದಾಗ ಕಾಮ್ಕಾ ಅದಕ್ಕೆ ತುರ್ಸಿನ್ ಎಂದು ಹೆಸರಿಟ್ಟಳು. ಅವರ ಮಾತಿನಲ್ಲಿ ಹಾಗೆಂದರೆ, ಉಳಿಯಲಿ.

ಆದರೆ ಅವನು ಹುಟ್ಟಿದ ಹೊತ್ತು ಯಾರೂ ಉಳಿಯುವ ಹೊತ್ತಾಗಿರಲಿಲ್ಲ. ಅಲೆಯುವ ಜನ ಇನ್ನು ಒಂದೇ ಕಡೆ ನೆಲೆಸಬೇಕು, ಜಾನುವಾರುಗಳೆಲ್ಲ ಸಮೂಹಕ್ಕೆ ಸೇರಬೇಕು ಎಂದು ರಷ್ಯನ್ನರ ಹೊಸ ಸರಕಾರದ ಅಪ್ಪಣೆಯಾಗಿತ್ತು. ಕುದುರೆಯ ಮೇಲೆ ಬಂದವರು ಮಂದೆಯನ್ನು ಹೊಡೆದುಕೊಂಡು ಹೋದರು. ಮಂದೆಯ ಹಿಂದೆ ಹಾಲು ಹೋಯಿತು, ಮಾಂಸ ಹೋಯಿತು, ಕೊನೆಗೆ ಬೆಂಕಿಯೂ ಹೋಯಿತು, ಏಕೆಂದರೆ ಆ ಬಯಲಿನಲ್ಲಿ ಒಣಗಿದ ಸಗಣಿಯೇ ಸೌದೆ. ಊಟದ ಹೊತ್ತಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ಕೂರತೊಡಗಿದರು. ಪಕ್ಕದ ಗುಡಾರದಲ್ಲಿ ಮಾತು ನಿಂತು ಮೂರು ದಿನವಾದ ಮೇಲೆ ಎಸ್ಕೆಂದಿರ್ ಅಲ್ಲಿ ಇಣುಕಿ ನೋಡಿ ಬಂದ. ಏನು ಕಂಡಿತೆಂದು ಹೇಳಲಿಲ್ಲ. "ನಾಳೆ ಹೊರಡೋಣ. ಗಡಿ ದಾಟಿದ್ರೆ ಚೀನಾ. ಅಲ್ಲೂ ನಮ್ಮವರಿದ್ದಾರೆ" ಅಂದ, ಅಷ್ಟೆ.

ಮೂರು ಮನೆಗಳ ಹನ್ನೊಂದು ಜನ ಹೊರಟರು. ಉಳಿದಿದ್ದದ್ದು ಹಾಲು ಬತ್ತಿದ, ಎಲುಬು ಎಣಿಸಬಹುದಾದ ಒಂದು ಹಸು. ಅದರ ಬೆನ್ನ ಮೇಲೆ ನಾನು, ನನ್ನೊಳಗೆ ಐದು ತಿಂಗಳ ತುರ್ಸಿನ್. ಎರಡನೆಯ ದಿನ ಹಿಮಗಾಳಿ ಎದ್ದು ಒಂದು ಮುರುಕು ಗೋಡೆಯ ಮರೆಗೆ ಸೇರಿಕೊಂಡರು. ಹಿಮ ಕರಗಿಸಿ ಕುಡಿಯಲು ಕಡ್ಡಿ ಸೌದೆ ಇರಲಿಲ್ಲ. ಬಲ್ಜಾನ್‌ಳ ಎದೆಯಲ್ಲಿ ಹಾಲು ಬತ್ತುತ್ತಿತ್ತು.

"ಅಪಾ," ಎಂದಳು ಅವಳು ಅತ್ತೆಯನ್ನು. ಹಿರಿಯ ಹೆಂಗಸರನ್ನು ಅವರು ಕರೆಯುವುದೇ ಹಾಗೆ. "ತೊಟ್ಟಿಲು ಒಡೆದು ಹಾಕೋಣ. ಮಗೂನ ನಾನು ಅಂಗಿಯೊಳಗೆ ಇಟ್ಕೊತೀನಿ."

ಕಾಮ್ಕಾ ನನ್ನ ಹಿಡಿಕೋಲಿನ ಮೇಲೆ ಕೈಯಿಟ್ಟಳು. ನನ್ನ ಹಲಗೆಗಳು ಬಿಗಿದುಕೊಂಡವು. ಸಾಯುವ ಭಯ ಮರಕ್ಕೂ ಇರುತ್ತದೆ.

"ಪಾದ ಮಾತ್ರ ತೆಗೀರಿ," ಎಂದಳು ಕೊನೆಗೆ. "ಮಿಕ್ಕಿದ್ದು ಇರ್ಲಿ. ಮಗು ಮಲಗೋ ಜಾಗ ಸುಟ್ಟು ಎಲ್ಲಿಗೆ ಹೋಗೋದು?"

ಎಸ್ಕೆಂದಿರ್ ತನ್ನ ಅಪ್ಪ ಕೆತ್ತಿದ ಎರಡು ಪಾದಗಳನ್ನು ಕೊಡಲಿಯ ಹಿಂಬದಿಯಿಂದ ಬಡಿದು ಬಿಡಿಸಿದ. ಎರಡು ಪಾತ್ರೆ ಬಿಸಿನೀರಾಯಿತು. ಬಲ್ಜಾನ್ ಕುಡಿದಳು, ಮಗು ಕುಡಿಯಿತು. ಅಂದಿನಿಂದ ನಾನು ತೂಗಲಾರದ ತೊಟ್ಟಿಲಾದೆ. ಅಳುವ ಮಗುವನ್ನು ಸಮಾಧಾನ ಮಾಡುವುದೊಂದೇ ನನಗೆ ಬರುತ್ತಿದ್ದ ಕೆಲಸ. ಇನ್ನು ಅದು ಅತ್ತರೆ ಏನು ಮಾಡಲಿ ಎಂಬ ಚಿಂತೆ ಹತ್ತಿಕೊಂಡಿತು.

ಅದು ಅತ್ತದ್ದು ನಾಲ್ಕನೆಯ ದಿನ ಮಧ್ಯಾಹ್ನ, ಅಳಲೇಬಾರದ ಜಾಗದಲ್ಲಿ. ಗಡಿಗೆ ಇನ್ನು ಅರ್ಧ ದಿನದ ನಡಿಗೆಯಿತ್ತು. ಒಂದು ಒಣ ಹಳ್ಳದಲ್ಲಿ ಬಗ್ಗಿಕೊಂಡು ಹೋಗುತ್ತಿದ್ದಾಗ ಎದುರು ಗುಡ್ಡದ ಮೇಲೆ ಕುದುರೆ ಸವಾರರು ಕಾಣಿಸಿದರು. ತುರ್ಸಿನ್ ಮುಖ ಕಿವುಚಿದ. "ಬಾಯಿ ಮುಚ್ಚಿಸಮ್ಮ, ಎಲ್ಲರೂ ಸಾಯ್ತೀವಿ!" ಎಂದು ಜೊತೆಯ ಗಂಡಸೊಬ್ಬ ಪಿಸುಗುಟ್ಟಿದ. ಬಲ್ಜಾನ್ ನನ್ನನ್ನು ಹಸುವಿನ ಬೆನ್ನಿನಿಂದ ನೆಲಕ್ಕಿಳಿಸಿ, ಅಂಗೈಯಿಂದ ಮಗುವಿನ ಬಾಯಿ ಒತ್ತಿ ಹಿಡಿದು, ನನ್ನ ಮೇಲೆ ಬೋರಲಾಗಿ ಮಲಗಿಬಿಟ್ಟಳು.

ಎಸ್ಕೆಂದಿರ್ ಒಂದು ಸಲ ಗುಡ್ಡದ ಕಡೆ ನೋಡಿದ, ಒಂದು ಸಲ ಹಸುವಿನ ಕಡೆ. "ನಾನು ಆ ಕಡೆಯಿಂದ ಸುತ್ತಿ ಬರ್ತೀನಿ. ನೀವು ಹಳ್ಳದ ಗುಂಟ ನಡೀರಿ. ನಿಲ್ಲಬೇಡಿ."

"ಬೇಡ," ಎಂದಳು ಬಲ್ಜಾನ್.

ಅವನು ಆಗಲೇ ಹಸುವನ್ನು ಹೊಡೆದುಕೊಂಡು ದಂಡೆ ಹತ್ತಿದ್ದ. ಬಟಾಬಯಲಿನಲ್ಲಿ, ಕಾಣಲೆಂದೇ, ಕೂಗುತ್ತಾ ಓಡಿದ. ಸವಾರರು ಅತ್ತ ತಿರುಗಿದರು. ಎರಡು ಗುಂಡಿನ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಬಲ್ಜಾನ್ ಕೈ ತೆಗೆದಾಗ ತುರ್ಸಿನ್‌ನ ತುಟಿ ನೀಲಿಯಾಗಿತ್ತು. ಕಾಮ್ಕಾ ಅವನ ಕಾಲು ತಿಕ್ಕಿದಳು, ಕೆನ್ನೆ ತಟ್ಟಿದಳು. ಅಷ್ಟು ಉದ್ದದ ಗಳಿಗೆಯನ್ನು ನಾನು ಮತ್ತೆ ಕಂಡಿಲ್ಲ. ಕೊನೆಗೆ ಅವನು ಸೀನಿದ. ಬಲ್ಜಾನ್ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಳು. ಕತ್ತಲಾಗುವ ಮೊದಲು ಗಡಿ ದಾಟಿದರು. ಎಸ್ಕೆಂದಿರ್ ಸುತ್ತಿ ಬರಲಿಲ್ಲ.

ಶಾವೆಶೆಕ್ ಎಂಬ ಗಡಿಯೂರಿನಲ್ಲಿ ಅತ್ತೆ ಸೊಸೆ ಉಣ್ಣೆ ನೂತು, ಕಂಡವರ ಬಟ್ಟೆ ಒಗೆದು ಮಗುವನ್ನು ಸಾಕಿದರು. ಅಲ್ಲಿನ ಉಯ್ಘುರ್ ಬಡಗಿಯೊಬ್ಬ ಎಲ್ಮ್ ಮರದಲ್ಲಿ ನನಗೆ ಹೊಸ ಪಾದ ಕೂರಿಸಿದ. ಒಂದು ಪಾದ ಕೂದಲೆಳೆಯಷ್ಟು ಎತ್ತರವಾಯಿತು, ತೂಗಿದಾಗ ಟಕ್ ಟಕ್ ಎನ್ನುತ್ತಿದ್ದೆ. ಬಲ್ಜಾನ್ ಪ್ರತಿದಿನ ಸಂಜೆ ಪಶ್ಚಿಮದ ದಾರಿಯ ಕಡೆ ಮುಖ ಮಾಡಿ ನೂಲುತ್ತಿದ್ದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಅವರಲ್ಲಿ ಹೆಂಗಸರು ಗಂಡನ ಹೆಸರನ್ನಾಗಲಿ, ಮಾವನ ಮನೆಯ ಹಿರಿಯರ ಹೆಸರನ್ನಾಗಲಿ ಹೇಳುವಂತಿಲ್ಲ.

ತುರ್ಸಿನ್‌ಗೆ ಏಳು ವರ್ಷವಾದಾಗ ಒಂದು ದಿನ ಅಳುತ್ತಾ ಬಂದ. ಕಝಾಕರ ಮಗು ತನ್ನ ಹಿಂದಿನ ಏಳು ತಂದೆಯರ ಹೆಸರನ್ನು ಸರಾಗವಾಗಿ ಹೇಳಬೇಕು. ಹೇಳಲಾರದವನು ಎಲ್ಲಿಯವನೂ ಅಲ್ಲ. ಓರಗೆಯವರು ಕೇಳಿದ್ದರು, ಇವನಿಗೆ ಅಪ್ಪನ ಹೆಸರು ಬಿಟ್ಟು ಒಂದೂ ಗೊತ್ತಿರಲಿಲ್ಲ. ಹೇಳಿಕೊಡಬೇಕಾದದ್ದು ಗಂಡಸರು. ಆ ಮನೆಯಲ್ಲಿ ಗಂಡಸರೇ ಇರಲಿಲ್ಲ.

ಕಾಮ್ಕಾ ಚರಕ ನಿಲ್ಲಿಸಿದಳು. ಎದ್ದು ತಲೆವಸ್ತ್ರ ಸರಿಮಾಡಿಕೊಂಡಳು. "ದೊಡ್ಡವರು ತಪ್ಪು ತಿಳೀಬಾರ್ದು," ಎಂದು ಗಾಳಿಗೆ ಹೇಳಿದಳು. "ಹೇಳೋಕೆ ಬೇರೆ ಯಾರೂ ಉಳಿದಿಲ್ಲ." ಅರವತ್ತು ದಾಟಿದ ಆ ಹೆಂಗಸು ಬದುಕಿನಲ್ಲಿ ಮೊದಲ ಸಲ ಗಂಡನ ಹೆಸರು ಹೇಳಿದಳು, ಬೊರಾನ್‌ಬಾಯ್. ಅವಳ ಕಿವಿ ಕೆಂಪಾದವು. ಮಾವನ ಹೆಸರು ಹೇಳಿದಳು, ಕೊಜಗೆಲ್ದಿ. ಅವನ ತಂದೆ ಮಲ್ದಿಬಾಯ್. ಹೀಗೆ ಏಳನೆಯವನ ತನಕ. ತುರ್ಸಿನ್ ತಪ್ಪದೆ ಒಪ್ಪಿಸುವವರೆಗೂ ಅವನನ್ನು ಊಟಕ್ಕೆ ಬಿಡಲಿಲ್ಲ. ಎರಡು ವರ್ಷದ ಮೇಲೆ ಅವಳು ತೀರಿಕೊಂಡಳು.

ತುರ್ಸಿನ್ ದೊಡ್ಡವನಾಗಿ ಝಿಲಿಖಾಳನ್ನು ಮದುವೆಯಾದ. ಅವರ ಹೆಣ್ಣುಮಗು ನನ್ನಲ್ಲಿದ್ದಾಗ, ಸಾವಿರದ ಒಂಬೈನೂರ ಅರವತ್ತೆರಡರ ವಸಂತದಲ್ಲಿ, ಆಚೆಗೆ ಹೋಗಬಹುದಂತೆ ಎಂಬ ಸುದ್ದಿ ಹಬ್ಬಿತು. ಚೀನಾದಲ್ಲೂ ಆಗ ಹೊಟ್ಟೆಗಿರಲಿಲ್ಲ, ಸಾಮೂಹಿಕ ಬೇಸಾಯದ ಕಮ್ಯೂನುಗಳ ಕಾಲ. ಸಾವಿರಾರು ಜನ ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ನಡೆದರು. ಬಲ್ಜಾನ್ ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು. ಹೋಗುವಾಗ ಗುಂಡಿಗೆ ಹೆದರಿ ತೆವಳಿದ್ದ ಗಡಿಯನ್ನು ಈಗ ಹಾಡುಹಗಲೇ ಜನಜಂಗುಳಿಯಲ್ಲಿ ದಾಟಿದೆವು. ನನಗೇನೂ ಸಮಾಧಾನವಿರಲಿಲ್ಲ. ಎಲ್ಲರೂ ನುಗ್ಗುತ್ತಿದ್ದರು. ಯಾವ ಗಳಿಗೆಯಲ್ಲಿ ಬಾಗಿಲು ಹಾಕುತ್ತಾರೋ, ಯಾರು ಈ ಕಡೆ ಯಾರು ಆ ಕಡೆ ಉಳಿಯುತ್ತಾರೋ ಎಂದು ಜೀವ ಕೈಯಲ್ಲಿತ್ತು.

ಈಚೆ ಬಂದ ಮೇಲೆ ಮೇಜಿನ ಹಿಂದಿದ್ದ ಗುಮಾಸ್ತ ಬಲ್ಜಾನ್‌ಳನ್ನು ಕೇಳಿದ, "ಗಂಡನ ಹೆಸರು?"

ಅವಳು ಮಗನ ಕಡೆ ತಿರುಗಿದಳು. ಹುಡುಕಲು ಬಂದದ್ದು ಅವನನ್ನೇ, ಹೇಳಲಾಗದ್ದು ಆ ಹೆಸರೇ. ತುರ್ಸಿನ್ ಮುಂದೆ ಬಂದು ಹೇಳಿದ. ಗುಮಾಸ್ತ ಅವನ ಚೀಟಿಯಲ್ಲಿ ತುರ್ಸಿನ್ ಎಸ್ಕೆಂದಿರೊವ್ ಎಂದು ಬರೆದುಕೊಟ್ಟ. ಸರಕಾರಿ ಜಮೀನೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಕಝಾಕರು ಇವರನ್ನು ಚೀನಾದವರು ಎನ್ನುತ್ತಿದ್ದರು. ಶಾವೆಶೆಕ್‌ನಲ್ಲಿ ಇವರು ಬೆಟ್ಟದಾಚೆಯಿಂದ ಓಡಿಬಂದವರಾಗಿದ್ದರು.

ಎರಡು ವರ್ಷ ಕಳೆಯಿತು. ಸುಗ್ಗಿಯಲ್ಲಿ ಗೋಧಿ ತುಂಬಿಸಿಕೊಳ್ಳಲು ಬಂದ ಲಾರಿಯ ಡ್ರೈವರ್ ಸಹಿ ಹಾಕಿದ ಹಾಳೆಯನ್ನು ತುರ್ಸಿನ್ ಓದಿದ. ಮೆಂತಾಯ್ ಎಸ್ಕೆಂದಿರೊವ್.

"ನಿನ್ನ ಏಳು ತಂದೆಯರು ಯಾರಪ್ಪ?" ಎಂದ ತುರ್ಸಿನ್.

ಡ್ರೈವರ್ ನಗುತ್ತಾ ಶುರುಮಾಡಿದ. ಎಸ್ಕೆಂದಿರ್, ಬೊರಾನ್‌ಬಾಯ್, ಕೊಜಗೆಲ್ದಿ. ನಾಲ್ಕನೆಯ ಹೆಸರಿಗೆ ತುರ್ಸಿನ್ ಕೂಡ ದನಿ ಸೇರಿಸಿದ. ಏಳನೆಯ ಹೆಸರಿಗೆ ಬರುವ ಹೊತ್ತಿಗೆ ಡ್ರೈವರ್‌ನ ಮುಖದಲ್ಲಿ ರಕ್ತವಿರಲಿಲ್ಲ. "ಅಪ್ಪ ಹೋಗಿ ಏಳು ವರ್ಷ ಆಯ್ತು," ಎಂದ ಮೆಂತಾಯ್. "ಮೊದಲು ಒಂದು ಸಂಸಾರ ಇತ್ತು, ಗಡಿ ಹತ್ತಿರ ಎಲ್ಲರೂ ಸತ್ತುಹೋದ್ರು ಅಂತಿದ್ರು."

ಈ ಸುದ್ದಿ ಕೇಳಿ ಬಲ್ಜಾನ್ ಅಳಲಿಲ್ಲ. ಎರಡು ದಿನ ಚಹಾ ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮೂರನೆಯ ದಿನ ನನ್ನನ್ನು ಒರೆಸಿ, "ನನ್ನನ್ನ ಆ ಮನೆಗೆ ಕರ್ಕೊಂಡು ಹೋಗು" ಎಂದಳು ಮಗನಿಗೆ. ಮೆಂತಾಯ್‌ನ ಹೆಂಡತಿ ಹೆತ್ತು ಹತ್ತು ದಿನವಾಗಿದೆ ಎಂದು ಅವಳಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಲಾರಿಯಲ್ಲಿ ನಾನು ಕುಲುಕಾಡುತ್ತಾ ನಡುಗುತ್ತಿದ್ದೆ. ಬಾಗಿಲು ಮುಖದ ಮೇಲೆ ಹಾಕಿದರೆ?

ಬಾಗಿಲು ತೆರೆದವಳು ಮೆಂತಾಯ್‌ನ ತಾಯಿ ಕುಲಿಪಾ, ಎಸ್ಕೆಂದಿರ್‌ನ ಎರಡನೆಯ ಹೆಂಡತಿ. ತೆಳ್ಳನೆಯ ಹೆಂಗಸು. ಬಲ್ಜಾನ್‌ಳನ್ನು ನೋಡಿದಳು, ಆಮೇಲೆ ನನ್ನನ್ನು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಒಳಗೆ ಬನ್ನಿ, ಅಪಾ."

ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ. ಗಂಡುಮಕ್ಕಳಿಬ್ಬರೂ ಅಂಗಳಕ್ಕೆ ಹೋದರು.

"ಈ ಮನೇಲಿ ಐದು ಮಕ್ಕಳು ಹುಟ್ಟಿದ್ರು," ಎಂದಳು ಕುಲಿಪಾ. "ಒಂದಕ್ಕೂ ತೊಟ್ಟಿಲು ಮಾಡಿಸಲಿಲ್ಲ ನಮ್ಮನೆಯವರು. ನೆಲದ ಮೇಲೆ ಮಲಗಿಸಿ ಸಾಕಿದೆ. ಕೇಳಿದ್ರೆ, ನಮ್ಮನೇ ತೊಟ್ಟಿಲು ಒಂದಿದೆ, ಅದು ಆಚೆ ಕಡೆ ಇದೆ ಅನ್ನೋರು."

"ನಮ್ಮನೆಯವರು ಹಾಗಂದ್ರಾ?" ಎಂದಳು ಬಲ್ಜಾನ್. ಒಬ್ಬನೇ ಗಂಡಸು, ಇಬ್ಬರಿಗೂ ನಮ್ಮನೆಯವರು. ಆಮೇಲೆ ಅವಳ ದನಿ ಗಡುಸಾಯಿತು. "ಮೂವತ್ತು ವರ್ಷ ದಾರಿ ನೋಡ್ತಾ ಕೂತಿದ್ದೆ ನಾನು. ಇಲ್ಲಿ ಐದು ಮಕ್ಕಳು."

ಕುಲಿಪಾ ತಲೆ ಎತ್ತಲಿಲ್ಲ. "ಗುಂಡು ಹಸುವಿಗೆ ಬಿದ್ದಿತ್ತಂತೆ. ಅವರನ್ನ ಹಿಡಿದು ಎರಡು ವರ್ಷ ಜೈಲಿಗೆ ಹಾಕಿದ್ರು. ಬಂದ ಮೇಲೆ ಮೂರು ಸಲ ಗಡಿ ತನಕ ಹೋಗಿ ವಾಪಸ್ ಬಂದ್ರು. ಆ ಹಳ್ಳದಲ್ಲಿದ್ದವರು ಯಾರೂ ಉಳೀಲಿಲ್ಲ ಅಂತ ಅಲ್ಲಿನವರು ಹೇಳಿದ್ರಂತೆ. ನನ್ನ ಕೈಹಿಡಿದ ಮೇಲೂ ನಾಲ್ಕನೇ ಸಲ ಹೊರಟ್ರು, ನಾನೇ ತಡೆದೆ. ಹೊಟ್ಟೇಲಿ ಮೆಂತಾಯ್ ಇದ್ದ, ನಂಗೆ ಯಾರೂ ಇರ್ಲಿಲ್ಲ. ತಡೆದದ್ದು ನಾನು, ಅಪಾ. ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೊಳ್ಳಿ. ಅವರ ಮೇಲೆ ಬೇಡ."

ಬಲ್ಜಾನ್ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ನನ್ನ ಒಂದೊಂದು ಕೀಲೂ ಸಡಿಲವಾದಂತಾಯಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಹತ್ತು ದಿನದ ಕೂಸು ಅತ್ತಿತು. ಇಬ್ಬರೂ ಒಟ್ಟಿಗೇ ಎದ್ದರು. ಬಲ್ಜಾನ್ ಒಂದು ಹೆಜ್ಜೆ ಹಿಂದೆ ನಿಂತಳು.

"ತನ್ನಿ ಇಲ್ಲಿ," ಎಂದಳು ಆಮೇಲೆ. "ಪಟ್ಟಿ ಕಟ್ಟೋದು ನಿಮಗೆ ಅಭ್ಯಾಸ ಇರಲಾರದು. ತೋರಿಸ್ತೀನಿ."

ಅವಳು ಕಟ್ಟಿದಳು, ಕುಲಿಪಾ ತೂಗಿದಳು. ಟಕ್ ಟಕ್ ಎಂದೆ. ಬಲ್ಜಾನ್ ಬರುವಾಗ ನನ್ನನ್ನು ಅಲ್ಲಿಯೇ ಬಿಟ್ಟು ಬಂದಳು. ಇಬ್ಬರೂ ಗೆಳತಿಯರಾದರೆಂದು ಹೇಳಿದರೆ ಸುಳ್ಳಾಗುತ್ತದೆ. ವರ್ಷಕ್ಕೊಮ್ಮೆ ಗಂಡನ ಸಮಾಧಿಯ ಹತ್ತಿರ ಸೇರುತ್ತಿದ್ದರು, ಹೆಚ್ಚು ಮಾತಾಡುತ್ತಿರಲಿಲ್ಲ.

ಆಮೇಲಿನದು ಸಣ್ಣ ಕಥೆ. ಕಟ್ಟಿ ಮಲಗಿಸಿದರೆ ಮೂಳೆ ಕೆಡುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರಿಂದ ಹಲವು ವರ್ಷ ಕೊಟ್ಟಿಗೆಯ ಅಟ್ಟದಲ್ಲಿದ್ದೆ. ದೇಶ ಬೇರೆಯಾಯಿತು, ಬಾವುಟ ಬದಲಾಯಿತು. ಈಗ ಉಸ್ಕೆಮೆನ್ ಎಂಬ ನಗರದ ಏಳನೆಯ ಮಹಡಿಯಲ್ಲಿ, ಮೆಂತಾಯ್‌ನ ಮೊಮ್ಮಗಳು ಅಯ್ಗಾನಿಮ್‌ಳ ಮನೆಯ ಮೂಲೆಯಲ್ಲಿದ್ದೇನೆ. ಆಫೀಸಿನಲ್ಲಿ ರಷ್ಯನ್ ಮಾತಾಡಿ ಮನೆಗೆ ಬಂದು ಕಝಾಕ್ ಪುಸ್ತಕ ತೆರೆಯುವ ಹುಡುಗಿ. ನನ್ನೊಳಗೆ ಚಳಿಗಾಲದ ಬಟ್ಟೆ ತುಂಬಿಸಿಟ್ಟಿದ್ದಾಳೆ. ಹಿಂದಿನ ವರ್ಷ ವಸ್ತುಸಂಗ್ರಹಾಲಯದ ಹೆಂಗಸೊಬ್ಬರು ಬಂದು ನನ್ನನ್ನು ಮಗುಚಿ ನೋಡಿದರು. "ಮೈ ತಾರ್ಬಗತಾಯ್ ಕಡೇದು, ಪಾದ ಚೀನಾ ಕಡೇದು. ಯಾವ ಊರಿನದು ಅಂತ ಬರೀಲಿ?" ಎಂದರು. ಅಯ್ಗಾನಿಮ್ ಕೊಡಲಿಲ್ಲ. "ನಮ್ಮನೇದು ಅಂತ ಬರ್ಕೊಳ್ಳಿ. ಆದ್ರೆ ಇಲ್ಲೇ ಇರ್ಲಿ" ಎಂದಳು.

ವಯಸ್ಸಾದರೆ ಹೆದರಿಕೆ ಕಡಿಮೆಯಾಗುತ್ತದೆಂದು ನಾನು ತಿಳಿದಿದ್ದೆ. ಹಸಿವು, ಗಡಿ, ಗುಂಡು ಎಲ್ಲವನ್ನೂ ಕಂಡದ್ದಾಯಿತು, ಇನ್ನು ಬಟ್ಟೆ ಕಾಯುತ್ತಾ ಇದ್ದುಬಿಡೋಣ ಎಂದುಕೊಂಡಿದ್ದೆ. ಈ ಭಾನುವಾರ ಬೆಳಿಗ್ಗೆ ಅವಳು ಬಟ್ಟೆಗಳನ್ನೆಲ್ಲ ತೆಗೆದು ಕುರ್ಚಿಯ ಮೇಲೆ ಹಾಕಿದಳು. ಒದ್ದೆ ಬಟ್ಟೆಯಿಂದ ನನ್ನನ್ನು ಒಳಗೂ ಹೊರಗೂ ಒರೆಸಿದಳು, ಕಿಟಕಿಯ ಬಿಸಿಲಿಗೆ ಎಳೆದಿಟ್ಟಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಇನ್ನೂ ಯಾರಿಗೂ ಹೇಳಿದಂತಿಲ್ಲ. ನನಗೆ ಮಾತ್ರ ಈಗಿನಿಂದಲೇ ದಿಗಿಲು ಶುರುವಾಗಿದೆ.