ಮಣ್ಣಿನ ರೊಕ್ಕ

ಹೆಣ ಹೊರುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದವರನ್ನು ಸರಿಸಿಕೊಂಡು ಬಸಲಿಂಗಪ್ಪನವರು ಒಳಗೆ ಬಂದರು. ಗೋಡೆಗೆ ಒರಗಿಸಿ ಕೂರಿಸಿದ್ದ ಶಿವಬಸವ್ವನ ಹೆಣಕ್ಕೆ ಕೈಮುಗಿದು, ನಾಲ್ಕು ಜನಕ್ಕೆ ಕಾಣುವಂತೆ ಒಂದು ಲಕೋಟೆಯನ್ನು ಮಗಳು ಪದ್ಮಶ್ರೀಯ ಕೈಗಿಟ್ಟರು.

"ತಗೊಳ್ಳವಾ. ನಿಮ್ಮವ್ವ ತನ್ನ ಮಣ್ಣಿನ ಖರ್ಚಿಗಂತ ನನ್ನ ಕಡೆ ಇಟ್ಟಿದ್ದ ರೊಕ್ಕ. ಹದಿನೈದು ಸಾವಿರ. ಒಂದ ಪೈಸಾ ಕಮ್ಮಿ ಇಲ್ಲ, ಎಣಿಸ್ಕೊ."

"ಇಪ್ಪತ್ತೈದು ವರ್ಷದ ಮಾತು," ಎಂದಳು ಬಾಜು ಮನೆಯ ಹುಸೇನಬೀ. "ಚೀಟಿ ಇಲ್ಲ, ಸಾಕ್ಷಿ ಇಲ್ಲ. ಬ್ಯಾರೇದವ್ರಾಗಿದ್ರ ನುಂಗಿ ನೀರು ಕುಡೀತಿದ್ರು."

ಎಲ್ಲರೂ ತಲೆದೂಗಿದರು. ವಡಗಾವಿಯ ಆ ಓಣಿಯಲ್ಲಿ ಅವತ್ತು ಸತ್ತವಳನ್ನು ಬಿಟ್ಟು ಬದುಕಿದ್ದವರ ಗುಣಗಾನ ನಡೆಯಿತು.

ಪದ್ಮಶ್ರೀ ಲಕೋಟೆ ಬಿಚ್ಚಲಿಲ್ಲ. ಖಾನಾಪುರ ಬಸ್‌ಸ್ಟ್ಯಾಂಡಿನ ಮುಂದೆ ಗಂಡ ನಡೆಸುವ ಚಹಾದ ಗಾಡಿಯ ಮೇಲೆ ಅವಳ ಸಂಸಾರ. ಬೆಳಗಿನ ಬಸ್ಸಿಗೆ ಬರಿಗೈಯಲ್ಲಿ ಬಂದಿದ್ದಳು. ಕುಣಿ ತೋಡುವ ಕೂಲಿ, ಹೂವು, ವಿಭೂತಿ, ಅಯ್ಯನವರ ದಕ್ಷಿಣೆ, ಬಂದವರ ಊಟ ಎಲ್ಲ ಸೇರಿ ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ. ಅವ್ವನದೋ ಒಂದೇ ಹಟ: "ಯಾರ ಋಣಾನೂ ಹೊತ್ಕೊಂಡು ಮಣ್ಣಿಗೆ ಹೋಗಂಗಿಲ್ಲ."

* * *

ಶಿವಬಸವ್ವ ರೊಟ್ಟಿ ಬಡಿದು ಮಾರಿ ಬದುಕಿದವಳು. ರೊಟ್ಟಿಗೆ ಒಂದೂವರೆ ರೂಪಾಯಿ ಇದ್ದ ಕಾಲದಲ್ಲಿ, ಹೊಟ್ಟೆಬಟ್ಟೆ ಕಟ್ಟಿ ಆ ಹದಿನೈದು ಸಾವಿರ ಕೂಡಿಸಿದ್ದಳು. ಜೋಳ ತರುತ್ತಿದ್ದದ್ದು ಬಸಲಿಂಗಪ್ಪನವರ ಅಂಗಡಿಯಿಂದ. ಆ ವರ್ಷ ಅವರು ಖಾನಾಪುರ ರಸ್ತೆಯಲ್ಲಿ ಗುಂಟೆಗೆ ಹದಿನೈದು ಸಾವಿರದಂತೆ ಜಾಗ ಹಿಡಿಯುತ್ತಿದ್ದರು.

"ಯಣ್ಣಾ, ನನಗೂ ಒಂದು ಗುಂಟೆ ಕೊಡಸ್ರಿ," ಎಂದಿದ್ದಳು.

"ಹೆಣ್ಮಗಳು ನೀ, ಜಾಗ ತಗೊಂಡು ಏನ್ ಮಾಡ್ತಿ? ರೊಕ್ಕ ನನ್ನ ಕಡೆ ಇರಲಿ. ಎಂದ ಬೇಕಾದ್ರೂ ಕೇಳು, ಕೊಡತೀನಿ."

"ಹಂಗಾದ್ರ ನನ್ನ ಮಣ್ಣಿನ ಖರ್ಚಿಗೆ ಇರಲ್ರಿ," ಎಂದು ಶಿವಬಸವ್ವ ಕೊಟ್ಟ ರೊಕ್ಕ ಅವರ ಗಲ್ಲಾಪೆಟ್ಟಿಗೆಗೆ ಬಿತ್ತು. ಅವರ ಜಾಗ ಗುಂಟೆಗೆ ಹತ್ತು ಲಕ್ಷ ದಾಟಿತು. ಶಿವಬಸವ್ವ ಜೋಳದ ಬೆಲೆ ನೋಡಿ ನೋಡಿ ರೊಟ್ಟಿಯ ದರವನ್ನು ಹತ್ತು ರೂಪಾಯಿಗೆ ತಂದಳು. ಆದರೂ ಇಟ್ಟ ರೊಕ್ಕದ ಮಾತು ಬಂದರೆ ಅವಳಿಗೆ ಆ ಲೆಕ್ಕ ಹತ್ತುತ್ತಿರಲಿಲ್ಲ.

"ಅದನ್ನ ಇಸ್ಕೊಂಡು ಬಂಗಾರ ಮಾಡಸವಾ. ಎಲ್ಲಾ ತುಟ್ಟಿ ಆಗಾಕತ್ತೈತಿ," ಎಂದು ಪದ್ಮಶ್ರೀ ಹೇಳಿದ್ದಳು.

"ರೊಟ್ಟಿ ತುಟ್ಟಿ ಆಗತೈತಿ. ಮಣ್ಣು ಯಾಕ ತುಟ್ಟಿ ಆದೀತ, ಹುಚ್ಚಿ?" ಎಂದು ಅವ್ವ ನಕ್ಕಿದ್ದಳು.

* * *

"ಇನ್ನೂ ಇಪ್ಪತ್ತೈದು ಸಾವಿರ ಬೇಕಾಗತೈತಿ, ಅಕ್ಕಾರ," ಎಂದ ವಿಮಾನ ಕಟ್ಟುವ ಹಣಮಪ್ಪ, ತಲೆ ತಗ್ಗಿಸಿ.

"ಕಾಳಜಿ ಮಾಡಬ್ಯಾಡವಾ, ನಾ ಕೊಡತೀನಿ," ಎಂದರು ಬಸಲಿಂಗಪ್ಪನವರು. "ಮಂದಿಗೆ ತಿಂಗಳಿಗೆ ನೂರಕ್ಕ ಮೂರು ಬಡ್ಡಿ. ನೀ ನಮ್ಮನಿ ಮಗಳಿದ್ದಂಗ, ಎರಡ ಕೊಡು."

"ದೊಡ್ಡ ಮನಸು," ಎಂದರು ಯಾರೋ.

ಪದ್ಮಶ್ರೀಗೆ ಮೈಯೆಲ್ಲ ಉರಿಯಿತು. ಕಳ್ಳನಾದರೆ ಉಗಿಯಬಹುದು. ಪೈಸೆಗೆ ಪೈಸೆ ತಿರುಗಿ ಕೊಟ್ಟವರನ್ನು ಏನೆಂದು ಉಗಿಯುವುದು?

"ಕಾಕಾ, ನಮ್ಮವ್ವನ ರೊಕ್ಕಕ್ಕ ಬಡ್ಡಿ ಎಷ್ಟಾತ್ರಿ?"

ತಲೆದೂಗುತ್ತಿದ್ದವರು ಅವಳ ಕಡೆ ತಿರುಗಿದರು.

"ಅದು ಬಡ್ಡಿಗೆ ಇಟ್ಟದ್ದಲ್ಲವಾ," ಎಂದರು ಅವರು, ನೊಂದವರ ಹಾಗೆ. "ನಂಬಿಕಿಗೆ ಇಟ್ಟದ್ದು."

ಪದ್ಮಶ್ರೀ ಕಿವಿಗೆ ಕೈ ಹಾಕಿದಳು. ಮದುವೆಯಲ್ಲಿ ಅವ್ವ ಮಾಡಿಸಿದ್ದ ಬೆಂಡೋಲಿ. ಅದೊಂದೇ ಬಂಗಾರ ಅವಳ ಮೈಮೇಲೆ. ತಿರುಪು ಬಿಗಿದುಕೊಂಡಿತ್ತು, ನೋವಾದರೂ ಎರಡನ್ನೂ ಬಿಚ್ಚಿ ಅವರ ಮುಂದೆ ಹಿಡಿದಳು.

"ಸಾಲ ಬ್ಯಾಡ್ರಿ. ಇವನ್ನ ತಗೊಂಡು ರೊಕ್ಕ ಕೊಡ್ರಿ. ಮಾಡಿಸಿದಾಗಿನ ರೇಟ್ ಅಲ್ಲ, ಇವತ್ತಿಂದು ಹಿಡೀರಿ."

ಹೊರಗೆ ಭಜನೆಯವರು ತಾಳ ಎತ್ತಿಕೊಂಡರು. ಹೂವಿನ ಭಾರಕ್ಕೆ ಶಿವಬಸವ್ವನ ತಲೆ ವಾಲಿತು; ಹುಸೇನಬೀ ಎದ್ದು ನೆಟ್ಟಗೆ ಮಾಡಿದಳು. ಬಸಲಿಂಗಪ್ಪನವರು ಬೆಂಡೋಲಿಯನ್ನು ಅಂಗೈಯಲ್ಲಿ ಆಡಿಸಿ ತೂಕ ನೋಡಿದರು. ಆಮೇಲೆ ಚಷ್ಮಾ ಏರಿಸಿಕೊಂಡು, ಹೆಣದ ಪಕ್ಕದಲ್ಲೇ ನಿಂತು, ಮೊಬೈಲಿನಲ್ಲಿ ಅವತ್ತಿನ ಬಂಗಾರದ ದರ ಹುಡುಕತೊಡಗಿದರು.